ಕಲ್ಯಾಣದಿಂದ ಖಾನಾಪುರದವರೆಗೆ

ಮಣಿರತ್ನಂ ಅವರ ತಮಿಳು ಚಲನಚಿತ್ರ ‘ಬಾಂಬೆ’ (1995) ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಹಿಂದೂ ಯುವಕನೂ ಮುಸ್ಲಿಂ ಯುವತಿಯೂ ಹೆತ್ತವರ ವಿರೋಧವನ್ನು ಮೀರಿ ಮದುವೆಯಾಗುತ್ತಾರೆ. ಹಿರಿಯರ ಮುನಿಸು ಮೊಮ್ಮಕ್ಕಳೆದುರು ಕರಗುತ್ತದೆ. ಇತಿಹಾಸವು ಅಷ್ಟು ಕರುಣಾಳುವಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ವಿವಾಹವಾದುದನ್ನು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಶರಣ ಪರಂಪರೆಯ ಪ್ರಕಾರ, ಅಲ್ಲಿ ತಂದೆಯರಿಬ್ಬರೂ ಒಪ್ಪಿದ್ದರು, ಒಪ್ಪದಿದ್ದುದು ಅರಮನೆ. ಬಿಜ್ಜಳನ ಆಳ್ವಿಕೆಯಲ್ಲಿ ಆ ತಂದೆಯರಿಗೇ ಮರಣದಂಡನೆಯಾಯಿತು. ಆಗ ಚದುರಿದ ಶರಣರಲ್ಲೊಬ್ಬನಾದ ಡೋಹರ ಕಕ್ಕಯ್ಯನ ಸಮಾಧಿ ನಮ್ಮ ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿದೆ.

ಇನ್ನು 2021ಕ್ಕೆ ಬನ್ನಿ. ಬೆಳಗಾವಿ ಜಿಲ್ಲೆಯ ಮುರಗೋಡ ಠಾಣೆಯಲ್ಲಿ ಯುವತಿಯೊಬ್ಬಳ ತಂದೆ ನೀಡಿದ್ದ ದೂರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿತ್ತು. ಪ್ರಾಪ್ತವಯಸ್ಕರಿಬ್ಬರು ಒಪ್ಪಿದ ಮೇಲೆ ವಿವಾಹಕ್ಕೆ ಕುಟುಂಬದ ಅಥವಾ ಸಮುದಾಯದ ಸಮ್ಮತಿ ಅಗತ್ಯವಿಲ್ಲವೆಂದು ನ್ಯಾಯಾಲಯವು ಫೆಬ್ರುವರಿ 8ರಂದು ಹೇಳಿತು. ಎಂಟು ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 28ರಂದು, ಖಾನಾಪುರದ ರೈಲುಹಳಿಯ ಮೇಲೆ ಬೆಳಗಾವಿಯ 24 ವರ್ಷದ ಮುಸ್ಲಿಂ ಯುವಕನ ಶವ ಸಿಕ್ಕಿತು. ಅವನು ಹಿಂದೂ ಯುವತಿಯೊಬ್ಬಳನ್ನು ಪ್ರೀತಿಸಿದ್ದ. ಆಕೆಯ ಹೆತ್ತವರೇ ಹಣ ಕೊಟ್ಟು ಕೊಲ್ಲಿಸಿದರೆಂಬುದು ಪೊಲೀಸರ ಆರೋಪ. 10 ಮಂದಿ ಬಂಧಿತರಾದರು.

ಅಂದು ಮನೆ ಒಪ್ಪಿತ್ತು, ರಾಜ್ಯಾಧಿಕಾರ ಒಪ್ಪಲಿಲ್ಲ. ಇಂದು ಕಾನೂನು ಒಪ್ಪಿದೆ, ಅನೇಕ ಮನೆಗಳು ಒಪ್ಪಿಲ್ಲ. ನ್ಯಾಯಾಲಯದ ತೀರ್ಪು ಮನೆಯ ಹೊಸ್ತಿಲನ್ನು ತಾನಾಗಿ ದಾಟಲಾರದು. ನನ್ನ ಪ್ರಿಯ ವಿದ್ಯಾರ್ಥಿಗಳೇ, ನೀವೀಗ ಹರೆಯದ ಮಕ್ಕಳ ತಂದೆತಾಯಂದಿರು. ಮಕ್ಕಳ ಆಯ್ಕೆ ನಿಮಗೆ ಹಿಡಿಸದಿರಬಹುದು. ಆದರೂ ಅವರೊಡನೆ ಮಾತು ಬಿಡಬೇಡಿ.