ಕಲ್ಯಾಣದ ಭಂಡಾರವೂ ಶರಣರ ಕಾಯಕವೂ

ಅಧಿಕಾರದಲ್ಲಿರುವವನ ಯೋಗ್ಯತೆಯನ್ನು ಅವನು ಕೊಡುವ ಅಪ್ಪಣೆಗಳಿಂದ ಅಳೆಯುವದು ಲೋಕದ ರೂಢಿ. ಹನ್ನೆರಡನೆಯ ಶತಮಾನದ ಕಲ್ಯಾಣದ ವೃತ್ತಾಂತವು ಇದಕ್ಕಿಂತ ಸೂಕ್ಷ್ಮವಾದ ಅಳತೆಗೋಲೊಂದನ್ನು ತೋರಿಸಿಕೊಡುವದು. ತನ್ನ ಕೈಕೆಳಗಿನವರು ಆಡಿದ ಕಹಿಯಾದ ಸತ್ಯವನ್ನು ಎಷ್ಟರ ಮಟ್ಟಿಗೆ ಕೇಳಿ ತಾಳಿಕೊಳ್ಳಬಲ್ಲನು ಎಂಬದೇ ಒಡೆಯನ ಅಳತೆ. ಸಲ್ಲತಕ್ಕುದಕ್ಕಿಂತ ಹೆಚ್ಚಿನದನ್ನು ಒಲ್ಲದೆ, ಕಂಡ ತಪ್ಪನ್ನು ಮುಚ್ಚಿಡದೆ ದುಡಿಯುವದೇ ಸಂಗಡಿಗರ ಅಳತೆ. ಇವೆರಡೂ ಕೂಡಿದಲ್ಲಿ ಕಾರ್ಯವು ಊರ್ಜಿತವಾಗುವದು. ಒಂದು ತಪ್ಪಿದಲ್ಲಿ ರಾಜ್ಯವೇ ಕುಸಿಯುವದು.

ಬಸವಣ್ಣನವರು ಬಾಗೇವಾಡಿಯ ಮಾದಿರಾಜರ ಪುತ್ರರೆಂಬದಕ್ಕೆ ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ ದೊರೆತ 1260ರ ಶಿಲಾಶಾಸನವು ಸಾಕ್ಷಿಯಾಗಿರುವದು. ಅವರು ರಾಜಸೇವೆಗೆ ಸೇರಿದ ಬಗೆಯನ್ನು ಹಂಪೆಯ ಹರಿಹರಕವಿಯು ತನ್ನ ಬಸವರಾಜದೇವರ ರಗಳೆಯಲ್ಲಿ ವರ್ಣಿಸಿದ್ದಾನೆ. ಅವನ ಕಥನದ ಪ್ರಕಾರ, ಬಸವಣ್ಣನವರು ಮಂಗಳವಾಡದ ಕರಣಶಾಲೆಗೆ ಹೋದಾಗ ಅಲ್ಲಿಯ ಗಣಕರ ಲೆಕ್ಕದಲ್ಲಿ ತಪ್ಪೊಂದನ್ನು ಕಂಡು ತೋರಿಸಿದರು. ಹೊಸಬನೊಬ್ಬನು ತುಂಬಿದ ಶಾಲೆಯಲ್ಲಿ ಹೀಗೆ ಬಾಯಿ ತೆರೆದರೆ ಅವನನ್ನು ಗದರಿಸಿ ಕಳುಹಿಸುವವರೇ ಬಹಳ. ಅಲ್ಲಿಯ ಮೇಲಧಿಕಾರಿಯಾದ ಸಿದ್ಧದಂಡಾಧೀಶನು ಹಾಗೆ ಮಾಡಲಿಲ್ಲ. ತಪ್ಪು ತೋರಿಸಿದವರನ್ನೇ ಗಣಕರ ಪಂಕ್ತಿಯಲ್ಲಿ ಕುಳ್ಳಿರಿಸಿದನು. ಈ ಒಂದು ವಿವೇಕದಿಂದ ಕಲಚುರಿ ಬಿಜ್ಜಳನಿಗೆ ಮುಂದೆ ಬಸವಣ್ಣನವರಂಥ ಭಂಡಾರಿಯು ದೊರೆತನು.

ಬಿಜ್ಜಳನು ಚಾಲುಕ್ಯರ ಮಹಾಮಂಡಲೇಶ್ವರನಾಗಿದ್ದು, 1162ರ ಹೊತ್ತಿಗೆ ಅವರ ಸಿಂಹಾಸನವನ್ನು ತನ್ನದಾಗಿ ಮಾಡಿಕೊಂಡನು. ಅವನ ಭಂಡಾರವು ಬಸವಣ್ಣನವರ ವಶದಲ್ಲಿದ್ದಾಗ, ಅರಸನ ಹೊನ್ನು ಜಂಗಮದಾಸೋಹಕ್ಕೆ ಸುರಿದುಹೋಗುತ್ತಿರುವದೆಂದು ಆಸ್ಥಾನದವರು ಚಾಡಿ ಹೇಳಿದರು. ಭಂಡಾರವನ್ನು ತೆರೆಸಿ ಎಣಿಸಲಾಗಿ ಒಂದು ಹೊನ್ನಾದರೂ ಕಡಿಮೆಯಾಗಿರಲಿಲ್ಲವೆಂದು ಬಸವಪುರಾಣವು ಹೇಳುವದು. ಚಾಡಿಯನ್ನೇ ತೀರ್ಪೆಂದು ಭಾವಿಸದೆ ಲೆಕ್ಕವನ್ನು ಕೇಳಿದ್ದು ಅರಸನಿಗೆ ಭೂಷಣವು. ಕೇಳಿದೊಡನೆ ಲೆಕ್ಕವನ್ನು ಮುಂದಿಟ್ಟದ್ದು ಭಂಡಾರಿಗೆ ಭೂಷಣವು.

ಪರರ ಮುಂದೆ ಲೆಕ್ಕ ಒಪ್ಪಿಸಿದ ಈ ಭಂಡಾರಿಯು ತನ್ನ ಸುತ್ತಲಿನವರೊಡನೆ ನಡೆದುಕೊಂಡ ರೀತಿಯನ್ನಾದರೂ ನೋಡತಕ್ಕದ್ದು. ಶರಣರ ಗೋಷ್ಠಿಯಲ್ಲಿ ಹಿರಿಯ ಪೀಠವು ಮಂತ್ರಿಪದವಿಯಲ್ಲಿದ್ದ ಬಸವಣ್ಣನವರದಾಗಿರದೆ ಅಲ್ಲಮಪ್ರಭುಗಳದಾಗಿತ್ತು. ಅಲ್ಲಿ ನೆರೆದವರು ಅಗಸರು, ಅಂಬಿಗರು, ಹಗ್ಗ ಹೊಸೆಯುವವರು, ಕಟ್ಟಿಗೆ ಹೊರುವವರು. ಅವರವರ ಕಾಯಕವೇ ಅವರವರ ಗೌರವವಾಗಿದ್ದಿತು.

ನುಲಿಯ ಚಂದಯ್ಯನವರು ಹುಲ್ಲನ್ನು ಕೊಯ್ದು ಹಗ್ಗ ಹೊಸೆದು ಮಾರಿ, ಬಂದ ಹಣದಿಂದ ದಾಸೋಹ ಮಾಡುತ್ತಿದ್ದರು. ಅವರ ಹಗ್ಗಕ್ಕೆ ಬಸವಣ್ಣನವರು ಭಕ್ತಿಯಿಂದ ಬೆಲೆ ಮೀರಿ ಹೊನ್ನು ಕೊಟ್ಟಾಗ ಚಂದಯ್ಯನವರು ಸಂತೋಷಪಡಲಿಲ್ಲ, ನೊಂದುಕೊಂಡರು. ತಕ್ಕ ಬೆಲೆಯನ್ನು ಮಾತ್ರ ಸ್ವೀಕರಿಸುವೆನೆಂದು ನಿಂತರು. ಹೆಚ್ಚಾಗಿ ಕೊಡುವದರಿಂದಲೂ ಒಬ್ಬನ ದುಡಿಮೆಯನ್ನು ಹಗುರುಗೊಳಿಸಿದಂತಾಗುವದೆಂಬ ಸೂಕ್ಷ್ಮವನ್ನು ಭಂಡಾರಿಯು ಹಗ್ಗದವನಿಂದ ಕಲಿಯಬೇಕಾಯಿತು.

ಆಯ್ದಕ್ಕಿ ಮಾರಯ್ಯನವರ ಕಥೆಯೂ ಇಂಥದೇ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವದು ಅವರ ಕಾಯಕವು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ ಹೆಂಡತಿಯಾದ ಲಕ್ಕಮ್ಮನವರು ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಮಿಕ್ಕುದನ್ನು ಮೊದಲಿದ್ದ ಸ್ಥಳದಲ್ಲಿಯೇ ಸುರಿದು ಬರುವಂತೆ ಗಂಡನಿಗೆ ತಿಳಿಸಿದರು. ಕೇಳುವವರು ಯಾರೂ ಇರಲಿಲ್ಲ, ಎಣಿಸುವವರೂ ಇರಲಿಲ್ಲ. ಜೊತೆಯಲ್ಲಿ ದುಡಿಯುವವರು ಹೀಗಿರುವಲ್ಲಿ ಮೇಲ್ವಿಚಾರಕನ ಕಣ್ಣಿಗೆ ಕೆಲಸವು ಕಡಿಮೆ.

ಎಲ್ಲಕ್ಕೂ ಕಠಿನವಾದ ಪರೀಕ್ಷೆಯು ಮಡಿವಾಳ ಮಾಚಯ್ಯನವರಿಂದ ಬಂದಿತು. ಬೇಡಿ ಬಂದ ಭಕ್ತರಿಗೆ ತಮ್ಮಂತೆ ನೀಡುವವರಿಲ್ಲವೆಂಬ ಭಾವವು ಬಸವಣ್ಣನವರ ಮಾತಿನಲ್ಲಿ ಒಮ್ಮೆ ಸುಳಿದಿತ್ತೆಂದೂ, ಅದನ್ನು ಕೇಳಿದ ಮಾಚಯ್ಯನವರು ಮುನಿದರೆಂದೂ ಪುರಾತನರ ಕಥೆಗಳು ಹೇಳುವವು. ಮಾಚಯ್ಯನವರು ಹಿಪ್ಪರಗಿಯಿಂದ ಬಂದ ಅಗಸರು; ಶರಣರ ಬಟ್ಟೆಗಳನ್ನು ಒಗೆಯುವದು ಅವರ ಕಾಯಕವು. ಮಂತ್ರಿಯು ಅಗಸನನ್ನು ಸುಮ್ಮನಿರಿಸಬಹುದಾಗಿತ್ತು. ಬಸವಣ್ಣನವರು ತಪ್ಪನ್ನೊಪ್ಪಿ, ತಾವೇ ಮಾಚಯ್ಯನವರಲ್ಲಿಗೆ ಹೋಗಿ ಕ್ಷಮೆಯನ್ನು ಬೇಡಿದರು. ಇದರಿಂದ ಅವರ ಪದವಿಗೆ ಕುಂದು ಬರಲಿಲ್ಲ. ತಮ್ಮ ಮಾತಿಗೆ ಬೆಲೆಯಿದೆಯೆಂದು ಅಂದಿನಿಂದ ಕಲ್ಯಾಣದ ಪ್ರತಿಯೊಬ್ಬ ಕಾಯಕಜೀವಿಗೂ ನಂಬಿಗೆಯಾಗದಿದ್ದೀತೇ?

ಇದೇ ಪರೀಕ್ಷೆಯು ಬಿಜ್ಜಳನಿಗೂ ಬಂದಿತು. ಅವನು ಅದರಲ್ಲಿ ನಿಲ್ಲಲಾರದೆ ಹೋದನು. ಸಮಗಾರ ಹರಳಯ್ಯನವರ ಮನೆಗೂ ಬ್ರಾಹ್ಮಣರಾಗಿದ್ದ ಮಧುವರಸರ ಮನೆಗೂ ಮದುವೆಯ ಸಂಬಂಧವು ಬೆಳೆದಾಗ ಆಸ್ಥಾನದಲ್ಲಿ ಕೋಲಾಹಲವೆದ್ದಿತು. ಭಂಡಾರದ ದೂರು ಬಂದಾಗ ಲೆಕ್ಕವನ್ನು ನೋಡಿದ ಅರಸನು ಈ ಸಾರೆ ಏನನ್ನೂ ನೋಡಲಿಲ್ಲ. ತನ್ನ ಭಂಡಾರಿಯ ಮಾತಿಗೂ ಕಿವಿಗೊಡದೆ ಇಬ್ಬರಿಗೂ ಕ್ರೂರವಾದ ಮರಣದಂಡನೆಯನ್ನು ವಿಧಿಸಿದನೆಂದು ಪರಂಪರೆಯು ಹೇಳುವದು. ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿದರು. ಚೆನ್ನಬಸವಣ್ಣನವರ ಮುಂದಾಳುತನದಲ್ಲಿ ಶರಣರು ಉಳವಿಯ ಕಡೆಗೆ ನಡೆದರು. 1167-68ರ ಸುಮಾರಿಗೆ ಬಿಜ್ಜಳನ ಆಳ್ವಿಕೆಯು ಕೊನೆಗಂಡಿತು; ಅವನ ಮಕ್ಕಳ ಕಾಲದಲ್ಲಿ, ಎರಡು ದಶಕಗಳು ತುಂಬುವದರೊಳಗೆ, ಕಲಚುರಿಗಳ ಕೈಯಿಂದ ಕಲ್ಯಾಣವು ಜಾರಿಹೋಯಿತು. ಸೈನ್ಯವಿದ್ದಿತು, ಬೊಕ್ಕಸವಿದ್ದಿತು, ಸತ್ಯವನ್ನು ಹೇಳುವವರು ಮಾತ್ರ ಊರು ಬಿಟ್ಟಿದ್ದರು.

ಈ ವೃತ್ತಾಂತವು ಅರಸರಿಗೂ ಮಂತ್ರಿಗಳಿಗೂ ಮಾತ್ರ ಸಂಬಂಧಪಟ್ಟುದಲ್ಲ. ಮಠದ ಉಗ್ರಾಣವನ್ನು ನೋಡಿಕೊಳ್ಳುವವರು, ದಾಸೋಹದ ಅಡಿಗೆಯವರು, ಪಾಠಶಾಲೆಯ ಉಪಾಧ್ಯಾಯರು, ಪ್ರಸಾದನಿಲಯದ ಲೆಕ್ಕ ಬರೆಯುವವರು, ಇವರೆಲ್ಲರ ಮೇಲೂ ಒಬ್ಬ ಹಿರಿಯನಿರುವನು. ಇವರೆಲ್ಲರ ಪಕ್ಕದಲ್ಲಿಯೂ ಒಬ್ಬ ಸಂಗಡಿಗನಿರುವನು. ಅಕ್ಕಿಯ ಚೀಲದಲ್ಲಿ ಸೇರು ಕಡಿಮೆಯಾದುದನ್ನು ಅಡಿಗೆಯವನು ಹಿರಿಯನಿಗೆ ಅಂಜದೆ ಹೇಳುವಂತಿದ್ದರೆ ಆ ಉಗ್ರಾಣವು ಬರಿದಾಗಲಾರದು. ಹೇಳಿದವನ ಮೇಲೆಯೇ ಕೋಪವು ತಿರುಗುವದಾದರೆ, ಮರುದಿನದಿಂದ ಎಲ್ಲರೂ ವಿನಯದಿಂದ ಸುಮ್ಮನಿರುವರು, ಮತ್ತು ಚೀಲಗಳು ಸುಮ್ಮನೆ ಹಗುರಾಗುವವು. ಮಹೋತ್ಸವದ ಈ ಶುಭ ಸಮಯದಲ್ಲಿ ಕಟ್ಟಡಗಳ ಎತ್ತರವನ್ನೂ ಕಾಣಿಕೆಗಳ ಮೊತ್ತವನ್ನೂ ಎಣಿಸುವದು ಸಹಜವಾದುದು. ಅವುಗಳೊಡನೆ, ಗಣಕರ ತಪ್ಪನ್ನು ತೋರಿಸಿದ ತರುಣರಿಗೆ ಆಸನ ಕೊಟ್ಟ ಆ ಕರಣಶಾಲೆಯನ್ನೂ, ಹೆಚ್ಚಿನ ಅಕ್ಕಿಯನ್ನು ಮರಳಿ ಸುರಿಸಿದ ಲಕ್ಕಮ್ಮನವರನ್ನೂ ಭಕ್ತರು ನೆನೆಯುವದು ಉಚಿತವಾಗಿರುವದು.