ಬಾಳೆ ಮೀನಿನಲ್ಲಿ ಬಾಳೆಯಿಲ್ಲ

ತಮಿಳುನಾಡಿನ ಗಡಿಯ ಕೆಲಮಂಗಲದ ಸಂತೆಯಲ್ಲಿ ಮೀನು ಕೊಳ್ಳಲು ಮೂರು ಭಾಷೆ ಬರಬೇಕು ಅನ್ನುವುದು ಸುಳ್ಳು. ಒಂದು ಬಂದರೆ ಸಾಕು, ಉಳಿದೆರಡು ತಾವಾಗಿ ಬಂದು ಕೂಡಿಕೊಳ್ಳುತ್ತವೆ. ಹೋದ ಮಳೆಗಾಲದಲ್ಲಿ ಒಮ್ಮೆ ನಿಂತು ನೋಡುತ್ತಿದ್ದೆ. ನೀಲಿ ಟಾರ್ಪಾಲಿನ ಮೇಲೆ ಎರಡು ಮೊಳದ ಮೀನೊಂದು ಮಲಗಿತ್ತು. ಮೈಮೇಲೆ ಹುರುಪೆಯೇ ಇಲ್ಲ, ಬೆಳ್ಳಿ ಬಳಿದಂತೆ ನುಣುಪು. ಬಾಯಿ ಕಣ್ಣನ್ನೂ ದಾಟಿ ಹಿಂದಕ್ಕೆ ಸೀಳಿಕೊಂಡಿದೆ, ಮೂತಿಯಲ್ಲಿ ಎರಡು ಜೊತೆ ಮೀಸೆ. ಪಕ್ಕದಲ್ಲಿದ್ದ ಹೆಂಗಸು, ‘ಏನಣ್ಣಾ, ಬಾಳೆ ಮೀನಾ?’ ಅಂದರು. ಮಾರುವವನು, ‘ವಾಲುಗ ಅಕ್ಕಾ, ಪೊದ್ದುನ್ನೇ ಪಟ್ಟಿಂದಿ’ ಅಂದ. ಹಿಂದಿನಿಂದ ಇಣುಕಿದ ಇನ್ನೊಬ್ಬರು, ‘ವಾಳೈಯಾ? ಎವ್ಳೋ?’ ಎಂದು ರೇಟು ಕೇಳಿದರು. ಯಾರೂ ಯಾರಿಗೂ ಅರ್ಥ ಹೇಳಲಿಲ್ಲ. ತಕ್ಕಡಿ ಮೇಲಕ್ಕೆ ಹೋಯಿತು, ಮೀನು ಮೂರು ಪಾಲಾಯಿತು.

ನನಗೆ ಮಾತ್ರ ತಲೆಯೊಳಗೆ ಹುಳ ಬಿಟ್ಟಂತಾಯಿತು. ‘ಬಾಳೆ ಅಂತ ಯಾಕಂತಾರೆ ಅಕ್ಕಾ?’ ಎಂದೆ. ‘ಬಾಳೆ ಎಲೆ ತರ ಉದ್ದುಕ್ಕೆ, ಚಪ್ಪಟೆಗೆ ಐತಲ್ಲಾ, ಅದ್ಕೆ’ ಎಂದರು. ಉತ್ತರ ಚೆಂದವಾಗಿತ್ತು. ನಮ್ಮ ಮನೆಯಲ್ಲೂ ಹಾಗೇ ಹೇಳಿಕೊಟ್ಟಿದ್ದರು. ಆದರೆ ಅದು ತಪ್ಪು, ಮತ್ತು ಅದನ್ನು ಹಿಡಿದುಕೊಡುವವರು ಪಕ್ಕದಲ್ಲೇ ನಿಂತಿದ್ದ ತಮಿಳಿನವರು.

ತಮಿಳಿನಲ್ಲಿ ಗಿಡ ‘ವಾೞೈ’, ಮೀನು ‘ವಾಳೈ’. ಆಡುವಾಗ ಅನೇಕರ ನಾಲಗೆಯಲ್ಲಿ ಎರಡೂ ಒಂದೇ ಆಗಿಹೋಗುತ್ತವೆ. ಬರೆಯುವಾಗ ಮಾತ್ರ ಇಂದಿಗೂ ಬೇರೆ ಬೇರೆ ಅಕ್ಷರ. ಕನ್ನಡದಲ್ಲೂ ಆ ಅಕ್ಷರ ಇತ್ತು. ಹಳಗನ್ನಡದ ೞ. ಕೇಶಿರಾಜ ಅದನ್ನು ‘ರಳ’ ಎಂದು ಕರೆದ, ಮಾಮೂಲಿ ಳಕಾರವನ್ನು ‘ಕುಳ’ ಎಂದ. ಸುಮಾರು 1260ರಲ್ಲಿ ಅವನು ‘ಶಬ್ದಮಣಿದರ್ಪಣ’ ಬರೆಯುವ ಹೊತ್ತಿಗೆ ರಳ ಜನರ ಬಾಯಿಂದ ಜಾರಿಹೋಗುತ್ತಿತ್ತು. ಅದಕ್ಕೇ ಯಾವ ಯಾವ ಪದದಲ್ಲಿ ರಳ ಇರಬೇಕೆಂದು ಪಟ್ಟಿಯನ್ನೇ ಕೊಡಬೇಕಾಯಿತು. ಪಟ್ಟಿ ಕೊಟ್ಟರೂ ಅಕ್ಷರ ಉಳಿಯಲಿಲ್ಲ. ಅದು ಹೋದ ಮೇಲೆ ಬದುಕುವ ಬಾೞ್, ಕತ್ತಿಯ ಬಾಳ್ ಎರಡೂ ‘ಬಾಳು’ ಆದವು. ಗೊನೆ ಬಿಡುವ ಬಾೞೆಯೂ ಕೆರೆಯ ಬಾಳೆಯೂ ಒಂದೇ ಹೆಸರಿನಡಿ ಸಂಸಾರ ಹೂಡಿದವು. ಮೀನಿನ ಮೈಗೆ ಬಾಳೆ ಎಲೆ ಹೊದಿಸಿದ್ದು ಈ ಅಕ್ಷರನಷ್ಟ.

ಹಾಗಾದರೆ ಕುಳದ ಬಾಳೆ ಎಲ್ಲಿಂದ ಬಂತು? ಬಾಳ್ ಎಂದರೆ ಕತ್ತಿ, ಅಲಗು, ಕ್ಷೌರದ ಕತ್ತಿ. ತಮಿಳಿನ ವಾಳ್, ತೆಲುಗಿನ ವಾಲು ಇದರ ಒಡಹುಟ್ಟುಗಳು. ಆ ಮೀನನ್ನು ಒಮ್ಮೆ ಮಗ್ಗುಲಾಗಿ ಮಲಗಿಸಿ ನೋಡಿ: ತಲೆಯ ಕಡೆ ದಪ್ಪ ಹಿಡಿ, ಅಲ್ಲಿಂದ ಬಾಲದವರೆಗೆ ತೆಳ್ಳಗಾಗುತ್ತ ಹೋಗುವ ಅಲಗು. ಬೆನ್ನ ರೆಕ್ಕೆ ಇದ್ದೂ ಇಲ್ಲದಷ್ಟು ಪುಟ್ಟದು, ಹೊಟ್ಟೆಯಡಿಯ ರೆಕ್ಕೆ ಮಾತ್ರ ಬಾಲದ ಬುಡದವರೆಗೆ ಎಳೆದ ಅಂಚು. ಕತ್ತಿಯೇ. ನನ್ನ ಈ ತೀರ್ಮಾನಕ್ಕೆ ಇನ್ನೂ ಗಟ್ಟಿಯಾದ ಕಾರಣವೊಂದಿದೆ. ತಮಿಳು ಕರಾವಳಿಯಲ್ಲಿ ರಿಬ್ಬನ್ನಿನಂತೆ ನೀಳವಾದ ಕಡಲ ಮೀನಿಗೂ ವಾಳೈ ಎನ್ನುತ್ತಾರೆ. ಕುಲದಲ್ಲಿ, ನೀರಿನಲ್ಲಿ, ರುಚಿಯಲ್ಲಿ ಈ ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಇಬ್ಬರಲ್ಲೂ ಸಾಮಾನ್ಯವಾಗಿ ಇರುವುದು ಅಲಗಿನಂಥ ಮೈ ಒಂದೇ.

ಕತ್ತಿಯ ಬಾಳ್‌ಗೆ ಕನ್ನಡದಲ್ಲಿ ಇರುವಷ್ಟು ಹಳೆಯ ದಾಖಲೆ ಕಡಿಮೆ ಪದಗಳಿಗಿದೆ. ಹಾಸನ ಜಿಲ್ಲೆಯ ಹಲ್ಮಿಡಿ ಶಾಸನ, ಸುಮಾರು ಕ್ರಿ.ಶ. 450. ಅದರಲ್ಲಿ ವಿಜ ಅರಸನಿಗೆ ‘ಬಾಳ್ಗಳ್ಚು’ ಕೊಟ್ಟ ಮಾತು ಬರುತ್ತದೆ, ಅಂದರೆ ಕಾದಿ ಬಂದವನ ಕತ್ತಿ ತೊಳೆದು ಕೊಡುವ ಭೂಮಿಯ ಉಂಬಳಿ. ಅದೇ ಕಲ್ಲಿನಲ್ಲಿ ಬಿಟ್ಟರು ಎನ್ನಲು ‘ವಿಟ್ಟಾರ್’ ಎಂದೂ ಇದೆ. ಮೊದಲಕ್ಷರದ ವಕಾರ ಕನ್ನಡದಲ್ಲಿ ಬಕಾರವಾಗುತ್ತಿದ್ದ ಕಾಲ. ಒಂದೇ ಕಲ್ಲಿನ ಮೇಲೆ ಬಿಡುವುದು ಇನ್ನೂ ವಕಾರದಲ್ಲಿದೆ, ಕತ್ತಿ ಆಗಲೇ ಬಕಾರಕ್ಕೆ ದಾಟಿಬಿಟ್ಟಿದೆ. ವಿಲ್ ಬಿಲ್ಲಾಗಿ, ವೇರ್ ಬೇರಾಗಿ, ವಯಲ್ ಬಯಲಾಗಿ, ವಳೈ ಬಳೆಯಾಗಿ ಕನ್ನಡ ತನ್ನ ದಾರಿ ಹಿಡಿಯಿತು. ಕೆಲಮಂಗಲ, ತಳಿ, ದೇನ್ಕನಿಕೋಟೆ ಕಡೆಯ ಮಕ್ಕಳು ಈ ಸೂತ್ರವನ್ನು ಯಾವ ಪುಸ್ತಕದಲ್ಲೂ ಓದಿಲ್ಲ. ಅಂಗಡಿಯ ಮೆಟ್ಟಿಲು ಹತ್ತುವಾಗ ವ, ಇಳಿಯುವಾಗ ಬ.

ಮೀನಿನ ವಾಳೈಗೂ ವಯಸ್ಸು ಕಡಿಮೆಯಿಲ್ಲ. ಸಂಗಂ ಕಾಲದ ‘ಕುಱುಂತೊಗೈ’ಯ 8ನೆಯ ಪದ್ಯದಲ್ಲಿ, ಗದ್ದೆಯಂಚಿನ ಮಾವಿನ ಮರದಿಂದ ತಾನಾಗಿ ಕಳಚಿ ಬಿದ್ದ ಹಣ್ಣನ್ನು ಕೊಳದ ವಾಳೈ ಕಚ್ಚಿಕೊಳ್ಳುತ್ತದೆ. ಕಷ್ಟಪಡದೆ ಸಿಕ್ಕಿದ್ದನ್ನು ನುಂಗುವ ಗಂಡಸಿನ ಮೇಲೆ ಒಬ್ಬಳು ಎಸೆದ ಚುಚ್ಚುಮಾತು ಅದು. ಈ ಮೀನಿನ ಬಾಯಿ ನೋಡಿದವರಿಗೆ ಉಪಮೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಯೂರೋಪಿನವರ ಸರದಿ. ಜರ್ಮನಿಯ ಬ್ಲಾಕ್ ಕಲೆಹಾಕಿದ ಮೀನುಗಳನ್ನು ಷ್ನೈಡರ್ 1801ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ. ಅದರಲ್ಲಿ ಈ ಮೀನಿನ ಹೆಸರು ‘ಸಿಲೂರಸ್ ಅಟ್ಟು’. ಈ ‘ಅಟ್ಟು’ ಬೇರೇನಲ್ಲ, ತಮಿಳರ ಆಡುಮಾತಿನ ‘ಆತ್ತು’. ಆತ್ತು ವಾಳೈ, ಹೊಳೆಯ ವಾಳೈ. ಎರಡೇ ವರ್ಷದ ನಂತರ, 1803ರಲ್ಲಿ, ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯ ವಿಶಾಖಪಟ್ಟಣದ ಇನ್ನೂರು ಮೀನುಗಳ ಪುಸ್ತಕ ತಂದ. ತೆಲುಗಿನವರ ಬಾಯಲ್ಲಿ ಕೇಳಿದ್ದನ್ನು ಅದರಲ್ಲಿ ‘ವಲ್ಲಗೂ’ ಎಂದು ಬರೆದುಕೊಂಡ. ಅದನ್ನು 1851ರಲ್ಲಿ ಡಚ್ ವಿಜ್ಞಾನಿ ಬ್ಲೀಕರ್ ಕುಲನಾಮ ಮಾಡಿದ: ವಲ್ಲಾಗೊ. ಈಗ ಜಗತ್ತಿನ ಎಲ್ಲ ಪುಸ್ತಕಗಳಲ್ಲೂ ಈ ಮೀನು ‘ವಲ್ಲಾಗೊ ಅಟ್ಟು’. ಮೊದಲರ್ಧ ತೆಲುಗು, ಉಳಿದರ್ಧ ತಮಿಳು. ಲ್ಯಾಟಿನ್ ಎಂದು ಸೋಗು ಹಾಕಿದರೂ ಕೇಳಿದರೆ ನಮ್ಮ ಸಂತೆಯ ಮಾತೇ. ಕನ್ನಡದ ಬಕಾರಕ್ಕೆ ಮಾತ್ರ ಅಲ್ಲಿ ಜಾಗ ಸಿಗಲಿಲ್ಲ.

ಟಾರ್ಪಾಲಿನ ಮೂಲೆಯಲ್ಲಿ ಇನ್ನೊಂದು ಜಾತಿಯ ಮೀನೂ ಇತ್ತು. ಗೇಣುದ್ದದ್ದು, ಯಾರೂ ಅಷ್ಟಾಗಿ ಕೇಳುತ್ತಿರಲಿಲ್ಲ. ‘ಚಪ್ಪಲಿ ಮೀನು ಸಾರ್, ಮುಳ್ಳು ಜಾಸ್ತಿ’ ಎಂದು ಮಾರುವವನೇ ಎಚ್ಚರಿಸಿದ. ಅಂಗೈಯಲ್ಲಿ ಇಟ್ಟುಕೊಂಡೆ. ಬೆನ್ನು ಗೂನು. ಗೂನಿನಾಚೆ ಕೋಳಿಮರಿಯ ಪುಕ್ಕದಂಥ ಒಂದೇ ಒಂದು ಪುಟ್ಟ ರೆಕ್ಕೆ. ಹೊಟ್ಟೆಯಡಿ ಬೆರಳಾಡಿಸಿದರೆ ಗರಗಸದ ಹಲ್ಲು. ಅಲ್ಲಿಂದ ಬಾಲದ ತುದಿಯವರೆಗೂ ಒಂದೇ ಜಾಲರಿ, ನೂರರ ಆಸುಪಾಸು ಗರಿಕಡ್ಡಿಗಳದ್ದು. ಬಾಲದ ರೆಕ್ಕೆ ಎಲ್ಲಿ ಶುರುವಾಯಿತೆಂದು ಗೊತ್ತೇ ಆಗುವುದಿಲ್ಲ. ಮಡಿಸುವ ಕ್ಷೌರದ ಕತ್ತಿಯನ್ನು ಬಿಡಿಸಿ ಇಟ್ಟಂತೆ. ತಮಿಳಿನಲ್ಲಿ ಇದೂ ಒಂದು ವಾಳೈ. 1870ರ ದಶಕದಲ್ಲಿ ಭಾರತದ ಮೀನುಗಳನ್ನೆಲ್ಲ ಪಟ್ಟಿ ಮಾಡಿದ ಫ್ರಾನ್ಸಿಸ್ ಡೇ ‘ಅಂಬಟ್ಟನ್ ವಾಳೈ’ ಎಂದು ಬರೆದುಕೊಂಡಿದ್ದಾನೆ, ಅಂದರೆ ಕ್ಷೌರಿಕನ ಕತ್ತಿ. ಒಂದು ಜಾತಿಯ ಹೆಸರನ್ನು ಮೀನಿಗೆ ಕಟ್ಟುವ ಹಳೆಯ ಚಾಳಿ ಅದು. ನಾವು ಕ್ಷೌರದ ಕತ್ತಿ ಮೀನು ಎಂದರೆ ಸಾಕು.

ಯೂರೋಪಿನವರು ಇದನ್ನು ಕಂಡಾಗ ಎಡವಿದ್ದು ಇಲ್ಲಿ. 1766ರಲ್ಲಿ ಲಿನೆಯಸ್ ದಕ್ಷಿಣ ಅಮೆರಿಕದ ವಿದ್ಯುತ್ ಹಾವುಮೀನಿಗೆ ‘ಜಿಮ್ನೋಟಸ್ ಎಲೆಕ್ಟ್ರಿಕಸ್’ ಎಂದು ಹೆಸರಿಟ್ಟಿದ್ದ. ಜಿಮ್ನೋಟಸ್ ಎಂದರೆ ಬೋಳು ಬೆನ್ನಿನದು. ಮೂರು ವರ್ಷ ಕಳೆದು ಪಲ್ಲಾಸ್ ಎಂಬ ವಿಜ್ಞಾನಿ ನಮ್ಮ ಕಡೆಯ ಕ್ಷೌರದ ಕತ್ತಿ ಮೀನನ್ನೂ ಅದೇ ಕುಲಕ್ಕೆ ಸೇರಿಸಿದ: ‘ಜಿಮ್ನೋಟಸ್ ನೋಟಾಪ್ಟೆರಸ್’. ನೋಟಾಪ್ಟೆರಸ್ ಅಂದರೆ ಬೆನ್ನ ಮೇಲೆ ರೆಕ್ಕೆಯುಳ್ಳದ್ದು. ರೆಕ್ಕೆಯಿರುವ ಬೋಳು ಬೆನ್ನು! ಬಂಜೆಯ ಮಗ ಎಂದ ಹಾಗೆ. ಆಮೇಲೆ ಇದನ್ನು ಬೇರ್ಪಡಿಸಿ ನೋಟಾಪ್ಟೆರಸ್ ಎಂಬ ಸ್ವಂತ ಕುಲ ಕೊಟ್ಟರು. ಆಕಾರ ನೋಡಿ ನೆಂಟಸ್ತನ ಕಟ್ಟಿದರೆ ಹೀಗೇ ಆಗುತ್ತದೆ. ಬಾಳೆ ಎಲೆಯ ಕಥೆಯೂ ಬೇರೆಯಲ್ಲ.

ಆ ವಿದ್ಯುತ್ ಹಾವುಮೀನಿನ ಬಳಗವಾದ ಅಮೆರಿಕದ ಚೂರಿಮೀನುಗಳು ಬಲು ಸೋಜಿಗದವು. ಮೆಕ್ಸಿಕೊದ ತೆಂಕಣ ತುದಿಯಿಂದ ಅರ್ಜೆಂಟೀನಾವರೆಗಿನ ಸಿಹಿನೀರಿನಲ್ಲಿ ಇನ್ನೂರಕ್ಕೂ ಹೆಚ್ಚು ಜಾತಿಗಳಿವೆ. ಬೇಟೆಗೆ ಹೊಡೆತ ಕೊಡುವುದು ಹಾವುಮೀನು ಮಾತ್ರ. 2019ರಲ್ಲಿ ಹೊಸದಾಗಿ ಗುರುತಿಸಿದ ಅದರ ಒಂದು ಜಾತಿಯಲ್ಲಿ 860 ವೋಲ್ಟ್ ಅಳೆದಿದ್ದಾರೆ, ನಮ್ಮ ಮನೆಯ ಪ್ಲಗ್ಗಿನ ಮೂರೂವರೆ ಪಟ್ಟಿಗೂ ಮಿಗಿಲು. ಉಳಿದವು ಹರಿಸುವುದು ಕೈಯಿಟ್ಟರೂ ಗೊತ್ತಾಗದಷ್ಟು ಸಣ್ಣ ಕರೆಂಟು. ಅದು ಆಯುಧವಲ್ಲ, ದೀಪ. ಮೈಸುತ್ತ ಒಂದು ವಿದ್ಯುತ್ ಕ್ಷೇತ್ರ ಹರಡಿಕೊಂಡು, ಕಲ್ಲೋ ಹುಳುವೋ ಅಡ್ಡ ಬಂದು ಅದು ಕದಡಿದಾಗ ಚರ್ಮದಿಂದಲೇ ‘ನೋಡುತ್ತವೆ’. ಕ್ಷೇತ್ರ ತಾನಾಗಿ ಕದಡಬಾರದಲ್ಲ, ಅದಕ್ಕೆ ಮೈಯನ್ನು ಕೋಲಿನಂತೆ ನೆಟ್ಟಗಿಟ್ಟುಕೊಂಡು ಹೊಟ್ಟೆಯಡಿಯ ಜಾಲರಿಯನ್ನಷ್ಟೇ ಅಲೆಯಾಡಿಸುತ್ತವೆ. ಅಲೆ ಹಿಂದಕ್ಕೆ ಸಾಗಿದರೆ ಮೀನು ಮುಂದಕ್ಕೆ, ಅಲೆ ಮುಂದಕ್ಕೆ ಸಾಗಿದರೆ ಮೀನು ಹಿಂದಕ್ಕೆ. ತಿರುಗುವ ಗೋಜೇ ಇಲ್ಲ. ಕರೆಂಟಿನ ಮಿಡಿತ ಒಂದೇ ಸ್ವರದಲ್ಲಿರುವ ಎರಡು ಮೀನು ಎದುರಾದರೆ ಇಬ್ಬರ ನೋಟವೂ ಮಂಜಾಗುತ್ತದೆ. ಆಗ ಒಂದು ಸ್ವರ ಏರಿಸುತ್ತದೆ, ಇನ್ನೊಂದು ಇಳಿಸುತ್ತದೆ. ಇದನ್ನು ಮೊದಲು ಕಂಡು ಬರೆದವರು ಜಪಾನಿನ ವಾತನಾಬೆ ಮತ್ತು ತಕೆದಾ, 1963ರಲ್ಲಿ. ಮೂರು ಭಾಷೆಯವರು ಒಟ್ಟಿಗೆ ಕೂಗುವ ಸಂತೆಯಲ್ಲಿ ಯಾರೂ ಸ್ವರ ಇಳಿಸಿದ್ದನ್ನು ನಾನಂತೂ ನೋಡಿಲ್ಲ.

ನಮ್ಮ ಕ್ಷೌರದ ಕತ್ತಿ ಮೀನೂ ಹಾಗೇ ಜಾಲರಿಯಾಡಿಸಿ ಹಿಂದೆ ಮುಂದೆ ಜಾರುತ್ತದೆ, ರಾತ್ರಿಯೇ ತಿರುಗುತ್ತದೆ, ನೀರು ಕೆಟ್ಟರೆ ಮೇಲೆ ಬಂದು ಗಾಳಿ ನುಂಗುತ್ತದೆ. ಕರೆಂಟು ಮಾತ್ರ ಇಲ್ಲ: ಹರಿಸುವುದೂ ಇಲ್ಲ, ಹರಿದದ್ದು ತಿಳಿಯುವುದೂ ಇಲ್ಲ. ಆಫ್ರಿಕಾದಲ್ಲಿರುವ ಇದರ ದಾಯಾದಿಗಳಿಗೆ ವಿದ್ಯುತ್ತನ್ನು ಅರಿಯುವ ಇಂದ್ರಿಯ ಇದೆ; ಏಷ್ಯಾದ ಕವಲಿನಲ್ಲಿ ಅದು ಕಾಣುವುದಿಲ್ಲ. ರೂಪ ನೂರಕ್ಕೆ ನೂರು, ಒಳಗಿನ ತಂತಿ ಸೊನ್ನೆ.

ತಮಾಷೆ ಇರುವುದು ಮುಂದೆ. ಅಮೆರಿಕದ ಚೂರಿಮೀನುಗಳ ನಿಜವಾದ ನೆಂಟರ ಸಾಲಿನಲ್ಲಿ ಮೀಸೆ ಮೀನುಗಳಿವೆ. ಮೀಸೆ ಮೀನುಗಳ ಚರ್ಮದಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ಗುಳಿಗಳಿವೆ. ನೀರಿನಲ್ಲಿರುವ ಯಾವ ಜೀವಿಯೇ ಆಗಲಿ, ಅದರ ಸ್ನಾಯು, ಕಿವಿರುಗಳಿಂದ ಒಂದಿಷ್ಟು ವಿದ್ಯುತ್ತು ಸೋರುತ್ತಲೇ ಇರುತ್ತದೆ. ಆ ಗುಳಿಗಳು ಅದನ್ನು ಹಿಡಿಯುತ್ತವೆ. ಮತ್ತು ನಮ್ಮ ಬಾಳೆ ಒಂದು ಮೀಸೆ ಮೀನು. ರಾಡಿ ನೀರಿನ ಕೆರೆಯಲ್ಲಿ, ಕತ್ತಲೆಯಲ್ಲಿ, ಎರಡು ವಾಳೈಗಳು ಒಂದರ ಪಕ್ಕ ಒಂದು ಹೋಗುತ್ತಿವೆ ಅಂದುಕೊಳ್ಳಿ. ಚೂರಿಮೀನಿನ ಪಡಿಯಚ್ಚಿನಂತಿರುವುದಕ್ಕೆ ವಿದ್ಯುತ್ತಿನ ಗಂಧವಿಲ್ಲ. ಅಷ್ಟೇನೂ ಹೋಲದ ಬಾಳೆಗೆ ಅದು ಗೊತ್ತು.

ನಿಜವಾದ ವಿದ್ಯುತ್ ಚೂರಿಮೀನು ನೋಡಲು ಅಮೆಜಾನಿಗೇ ಹೋಗಬೇಕಿಲ್ಲ. ಬೆಂಗಳೂರಿನ ಅಕ್ವೇರಿಯಂ ಅಂಗಡಿಗಳಲ್ಲಿ ‘ಬ್ಲ್ಯಾಕ್ ಘೋಸ್ಟ್’ ಎಂದು ಮಾರುವ, ಬಾಲದಲ್ಲಿ ಎರಡು ಬಿಳಿ ಪಟ್ಟೆಯ ಕಪ್ಪು ಮೀನು ಅದೇ. ತೊಟ್ಟಿಯಲ್ಲಿ ಎರಡು ತಂತಿ ಇಳಿಬಿಟ್ಟು ಒಂದು ಪುಟ್ಟ ಆಂಪ್ಲಿಫೈಯರಿಗೆ ಜೋಡಿಸಿದರೆ ಸ್ಪೀಕರಿನಲ್ಲಿ ಅದರ ಸ್ವರ ಕೇಳುತ್ತದೆ: ಸೆಕೆಂಡಿಗೆ ಸಾವಿರದ ಆಸುಪಾಸು ಮಿಡಿತ, ಹಗಲೂ ರಾತ್ರಿ, ಬಿಡದೆ. ಇಷ್ಟು ದೂರದಿಂದ ಬಂದು ನಮ್ಮ ನಡುವೆ ಬದುಕುತ್ತಿರುವ ಅದಕ್ಕೆ ಕನ್ನಡದಲ್ಲಿ ಇನ್ನೂ ಹೆಸರಿಲ್ಲ.

ಹೆಸರಿರುವ ಬಾಳೆಯ ಪಾಡು ಬೇರೆ. ನಿಸರ್ಗ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅದೀಗ ಅಪಾಯಕ್ಕೆ ಸಿಕ್ಕ ಜೀವಿಗಳ ಸಾಲಿನಲ್ಲಿದೆ. ಮೀನು ಕಡಿಮೆಯಾದಂತೆ ಅದನ್ನು ಕೂಗಿ ಕರೆಯುವವರೂ ಕಡಿಮೆಯಾಗುತ್ತಾರೆ. ಕೆಲಮಂಗಲದಿಂದ ತಳಿಯವರೆಗಿನ ಕೆರೆ ಊರುಗಳಲ್ಲಿ ಬಲೆ ಬೀಸುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಬಾಳೆಗೂ ಚಪ್ಪಲಿ ಮೀನಿಗೂ ಅವರು ಏನೆನ್ನುತ್ತಾರೆ ಎಂದು ಕೇಳಿ, ಅವರು ಉಚ್ಚರಿಸಿದ ಹಾಗೆಯೇ ಬರೆದಿಡಿ. ಬ ಇದ್ದರೆ ಬ, ವ ಇದ್ದರೆ ವ, ದಯವಿಟ್ಟು ತಿದ್ದಬೇಡಿ.