ವಿಶ್ವವಿದ್ಯಾಲಯಗಳ ಪರಿಸರ ಹೆಜ್ಜೆಗುರುತು

ವಿಶ್ವವಿದ್ಯಾಲಯದ ಪರಿಸರ ಹೆಜ್ಜೆಗುರುತು ಎಂದರೆ ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಅಧ್ಯಾಪಕರು ಹಾಗೂ ಸಿಬ್ಬಂದಿ ವರ್ಗದವರು ಒಂದು ವರ್ಷದ ಅವಧಿಯಲ್ಲಿ ಬಳಸುವ ಆಹಾರ, ಇಂಧನ, ಕಾಗದ, ಮರಮುಟ್ಟು ಮೊದಲಾದವುಗಳನ್ನು ಒದಗಿಸುವುದಕ್ಕೂ ಅವರ ಚಟುವಟಿಕೆಗಳಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದಕ್ಕೂ ಬೇಕಾಗುವ ಫಲವತ್ತಾದ ನೆಲ ಮತ್ತು ಜಲಪ್ರದೇಶದ ಒಟ್ಟು ವಿಸ್ತೀರ್ಣ. ಇದನ್ನು ಜಾಗತಿಕ ಹೆಕ್ಟೇರ್ ಎಂಬ ಮಾನದಲ್ಲಿ ಅಳೆಯಲಾಗುತ್ತದೆ. 1990ರ ದಶಕದಿಂದ ಈಚೆಗೆ ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳು ಈ ಹೆಜ್ಜೆಗುರುತನ್ನು ತಗ್ಗಿಸಲು ತಮ್ಮ ಸಮುದಾಯವನ್ನು ಪ್ರೇರೇಪಿಸುವ ಕಾರ್ಯಕ್ರಮಗಳನ್ನು ಹಮ್ಮಿಕೊಂಡಿವೆ. ಕೆನಡಾದ ವ್ಯಾಂಕೂವರ್ ನಗರದ ಅಂಚಿನಲ್ಲಿರುವ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯವು ಈ ಪರಿಕಲ್ಪನೆಯ ತವರು. ಅದನ್ನು ಆಚರಣೆಗೆ ತರುವ ಪ್ರಯೋಗಗಳು ದೀರ್ಘಕಾಲ ನಡೆದ ಸ್ಥಳವೂ ಅದೇ ಆದುದರಿಂದ ಪ್ರಸ್ತುತ ಲೇಖನದಲ್ಲಿ ಅದಕ್ಕೆ ಹೆಚ್ಚಿನ ಸ್ಥಾನ ನೀಡಲಾಗಿದೆ.

ಪರಿಕಲ್ಪನೆಯ ಉಗಮ

ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ವಿಲಿಯಂ ರೀಸ್ ಅವರು 1992ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಪರಿಸರ ಹೆಜ್ಜೆಗುರುತು ಎಂಬ ಪದವನ್ನು ಬಳಸಿದರು. ಒಂದು ಪ್ರದೇಶವು ಎಷ್ಟು ಜನರನ್ನು ಪೊರೆಯಬಲ್ಲದು ಎಂಬುದು ಅದುವರೆಗೆ ಕೇಳಲಾಗುತ್ತಿದ್ದ ಪ್ರಶ್ನೆ. ರೀಸ್ ಅದನ್ನು ತಿರುಗಿಸಿ, ಒಂದು ಊರಿನ ಜನರನ್ನು ಪೊರೆಯಲು ಎಲ್ಲೆಲ್ಲಿಂದ ಎಷ್ಟು ನೆಲ ಬೇಕಾಗುತ್ತದೆ ಎಂದು ಕೇಳಿದರು. ಆ ನೆಲ ಊರಿನ ಗಡಿಯೊಳಗೆ ಇರಬೇಕೆಂದಿಲ್ಲ. ವ್ಯಾಂಕೂವರಿನಲ್ಲಿ ಕುಡಿಯುವ ಒಂದು ಬಟ್ಟಲು ಕಾಫಿಗೆ ಬೇಕಾದ ನೆಲ ಕೊಡಗಿನಲ್ಲಿಯೋ ಬ್ರೆಜಿಲ್‌ನಲ್ಲಿಯೋ ಇರಬಹುದು. ಮೊದಲು ಈ ಕಲ್ಪನೆಗೆ ಇದ್ದ ಹೆಸರು ಬಹಳ ತೊಡಕಿನದಾಗಿತ್ತು. ರೀಸ್ ಅವರ ಹೊಸ ಗಣಕಯಂತ್ರವು ಮೇಜಿನ ಮೇಲೆ ಕಡಿಮೆ ಜಾಗವನ್ನು ಆಕ್ರಮಿಸುವುದನ್ನು ವರ್ಣಿಸಲು ಬಳಕೆಯಾದ ಹೆಜ್ಜೆಗುರುತು ಎಂಬ ಮಾತೇ ಹೊಸ ಹೆಸರಿಗೆ ಪ್ರೇರಣೆಯಾಯಿತೆಂದು ಹೇಳಲಾಗುತ್ತದೆ.

ರೀಸ್ ಅವರ ಮಾರ್ಗದರ್ಶನದಲ್ಲಿ ಸ್ವಿಟ್ಜರ್ಲೆಂಡ್ ಮೂಲದ ಮ್ಯಾಥಿಸ್ ವ್ಯಾಕರ್ನಾಗೆಲ್ ಲೆಕ್ಕಾಚಾರದ ವಿಧಾನವನ್ನು ರೂಪಿಸಿ 1994ರಲ್ಲಿ ಡಾಕ್ಟರೇಟ್ ಪಡೆದರು. ಇಬ್ಬರೂ ಸೇರಿ 1996ರಲ್ಲಿ ಈ ವಿಷಯವಾಗಿ ಒಂದು ಪುಸ್ತಕವನ್ನು ಹೊರತಂದರು. 2003ರಲ್ಲಿ ಸ್ಥಾಪನೆಯಾದ ಗ್ಲೋಬಲ್ ಫುಟ್‌ಪ್ರಿಂಟ್ ನೆಟ್‌ವರ್ಕ್ ಸಂಸ್ಥೆಯು ದೇಶವಾರು ಲೆಕ್ಕವನ್ನು ಪ್ರಕಟಿಸತೊಡಗಿತು. ಆ ಲೆಕ್ಕದ ಪ್ರಕಾರ ಭೂಮಿಯು ಪ್ರತಿಯೊಬ್ಬ ಮನುಷ್ಯನಿಗೆ ಒದಗಿಸಬಲ್ಲ ಪಾಲು ಸುಮಾರು 1.6 ಜಾಗತಿಕ ಹೆಕ್ಟೇರ್. ಕೆನಡಾದ ಸರಾಸರಿ ನಿವಾಸಿಯ ಹೆಜ್ಜೆಗುರುತು ಸುಮಾರು 8 ಹೆಕ್ಟೇರ್, ಭಾರತೀಯನದು ಸುಮಾರು 1.2 ಹೆಕ್ಟೇರ್.

ವಿಶ್ವವಿದ್ಯಾಲಯವನ್ನೇ ಅಳೆಯುವುದು

ವಿಶ್ವವಿದ್ಯಾಲಯದ ಆವರಣವು ಒಂದು ಸಣ್ಣ ಪಟ್ಟಣಕ್ಕೆ ಸಮಾನವಾದುದು. ಅಲ್ಲಿ ವಸತಿ, ಭೋಜನಶಾಲೆ, ಪ್ರಯೋಗಾಲಯ, ವಾಹನ ನಿಲುಗಡೆ, ಕೆಲವೆಡೆ ಸ್ವಂತ ವಿದ್ಯುತ್ ಅಥವಾ ಉಗಿಸ್ಥಾವರ ಕೂಡ ಇರುತ್ತವೆ. ಕ್ಯಾಲಿಫೋರ್ನಿಯಾದ ರೆಡ್‌ಲ್ಯಾಂಡ್ಸ್ ವಿಶ್ವವಿದ್ಯಾಲಯ ಹಾಗೂ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯಗಳ ಕುರಿತು 2001ರಲ್ಲಿ ಪ್ರಕಟವಾದ ಅಧ್ಯಯನಗಳು ಈ ಬಗೆಯ ಮೊದಲ ಲೆಕ್ಕಗಳಲ್ಲಿ ಸೇರುತ್ತವೆ. ಎರಡೂ ಕಡೆ ಹೆಜ್ಜೆಗುರುತು ಆವರಣದ ವಿಸ್ತೀರ್ಣಕ್ಕಿಂತ ಹತ್ತಾರು ಪಟ್ಟು ದೊಡ್ಡದಿತ್ತು. ಇಂತಹ ಅಧ್ಯಯನಗಳಲ್ಲಿ ಸಿಂಹಪಾಲು ಸಾಮಾನ್ಯವಾಗಿ ಕಟ್ಟಡಗಳ ಇಂಧನಕ್ಕೂ ಪ್ರಯಾಣಕ್ಕೂ ಸಲ್ಲುತ್ತದೆ. ಜನರ ಕಣ್ಣಿಗೆ ಮೊದಲು ಬೀಳುವ ಕಾಗದ ಮತ್ತು ಕಸದ ಪಾಲು ಅವುಗಳ ಮುಂದೆ ಚಿಕ್ಕದು. ಕಸದ ಬುಟ್ಟಿಯಿಂದ ಆರಂಭಿಸಿ ಅಲ್ಲಿಯೇ ನಿಂತುಬಿಡುವ ಅಭಿಯಾನಗಳು ಈ ಅಂಶವನ್ನು ಮರೆಯುತ್ತವೆ.

1990ರ ಅಕ್ಟೋಬರಿನಲ್ಲಿ ಫ್ರಾನ್ಸ್‌ನ ತಲ್ವಾರ್ ಎಂಬ ಊರಿನಲ್ಲಿ, ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಅಧ್ಯಕ್ಷ ಜಾನ್ ಮೇಯರ್ ಅವರ ಆಹ್ವಾನದ ಮೇರೆಗೆ 22 ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಸಭೆ ಸೇರಿ ಹತ್ತು ಅಂಶಗಳ ಘೋಷಣೆಯೊಂದನ್ನು ಹೊರಡಿಸಿದರು. ಮುಂದೆ ಇದಕ್ಕೆ ಸಹಿ ಹಾಕಿದ ಸಂಸ್ಥೆಗಳ ಸಂಖ್ಯೆ ಐನೂರನ್ನು ಮೀರಿತು. ಸಹಿಗೂ ಆಚರಣೆಗೂ ಇರುವ ಅಂತರ ಬೇರೆಯ ಮಾತು.

ಉಪದೇಶ ಮತ್ತು ನಡವಳಿಕೆ

ಜನರಿಗೆ ತಿಳಿವಳಿಕೆ ನೀಡಿದರೆ ನಡವಳಿಕೆ ತಾನಾಗಿಯೇ ಬದಲಾಗುತ್ತದೆ ಎಂಬ ನಂಬಿಕೆಯನ್ನು ಪರೀಕ್ಷಿಸಿದ ಪ್ರಯೋಗಗಳಲ್ಲಿ ಹಲವು ವಿಶ್ವವಿದ್ಯಾಲಯಗಳಲ್ಲಿಯೇ ನಡೆದಿವೆ. ಇವುಗಳಲ್ಲಿ ಪ್ರಸಿದ್ಧವಾದುದು ಎಲಿಯಟ್ ಅರಾನ್ಸನ್ ಮತ್ತು ಮೈಕೆಲ್ ಓ'ಲಿಯರಿ ಅವರು 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾಕ್ರೂಜ್ ಆವರಣದಲ್ಲಿ ನಡೆಸಿದ ಪ್ರಯೋಗ. ಮೈಗೆ ಸೋಪು ಹಚ್ಚಿಕೊಳ್ಳುವಾಗ ಷವರ್ ನಿಲ್ಲಿಸಬೇಕೆಂಬ ಸೂಚನೆಯನ್ನು ಕ್ರೀಡಾಂಗಣದ ಸ್ನಾನಗೃಹದ ಗೋಡೆಗೆ ಹಾಕಿದಾಗ ಅದನ್ನು ಪಾಲಿಸಿದವರು ಶೇ. 6ರಷ್ಟು ಮಾತ್ರ. ಫಲಕವನ್ನು ಎಲ್ಲರ ಕಣ್ಣಿಗೆ ಬೀಳುವಂತೆ ನಡುವೆ ನಿಲ್ಲಿಸಿದಾಗ ಅದು ಶೇ. 19ಕ್ಕೆ ಏರಿತು. ಬಳಿಕ ಸಂಶೋಧಕರು ಒಬ್ಬ ವಿದ್ಯಾರ್ಥಿಯನ್ನು ಅಲ್ಲಿಗೆ ಕಳುಹಿಸಿ, ಆತನು ಮಾತಿಲ್ಲದೆ ನೀರು ನಿಲ್ಲಿಸಿ ಸೋಪು ಹಚ್ಚಿಕೊಳ್ಳುವಂತೆ ಏರ್ಪಾಟು ಮಾಡಿದರು. ಆಗ ಶೇ. 49ರಷ್ಟು ಜನ ಹಾಗೆಯೇ ಮಾಡಿದರು. ಅಂತಹ ಇಬ್ಬರು ಇದ್ದಾಗ ಪ್ರಮಾಣವು ಶೇ. 67ಕ್ಕೆ ಮುಟ್ಟಿತು.

ಅಮೆರಿಕದ ಓಹಾಯೊ ರಾಜ್ಯದ ಓಬರ್ಲಿನ್ ಕಾಲೇಜಿನಲ್ಲಿ 2005ರಲ್ಲಿ ವಿದ್ಯಾರ್ಥಿನಿಲಯಗಳ ನಡುವೆ ಎರಡು ವಾರಗಳ ವಿದ್ಯುತ್ ಉಳಿತಾಯ ಸ್ಪರ್ಧೆ ಏರ್ಪಟ್ಟಿತು. ಒಟ್ಟಾರೆ ಬಳಕೆ ಶೇ. 32ರಷ್ಟು ಇಳಿಯಿತು. ತಮ್ಮ ಬಳಕೆಯನ್ನು ಆ ಕ್ಷಣದಲ್ಲಿಯೇ ತೆರೆಯ ಮೇಲೆ ನೋಡುವ ಅನುಕೂಲವಿದ್ದ ನಿಲಯಗಳಲ್ಲಿ ಇಳಿಕೆ ಶೇ. 55ರಷ್ಟಿದ್ದರೆ, ವಾರಕ್ಕೊಮ್ಮೆ ಅಂಕಿ ತಿಳಿಸಲಾಗುತ್ತಿದ್ದ ನಿಲಯಗಳಲ್ಲಿ ಶೇ. 31ರಷ್ಟಿತ್ತು. ನೀರಿನ ಬಳಕೆ ಮಾತ್ರ ಶೇ. 3ರಷ್ಟೇ ಕಡಿಮೆಯಾಯಿತು. ಎರಡು ವಾರಗಳ ಉತ್ಸಾಹ ಎರಡು ವರ್ಷ ಉಳಿಯುತ್ತದೆಯೆಂದು ಇದರಿಂದ ಹೇಳಲಾಗದು.

ಭೋಜನಶಾಲೆಗಳ ಅನುಭವ ಇನ್ನೂ ಸರಳ. ಅಮೆರಿಕದ ವಿಶ್ವವಿದ್ಯಾಲಯಗಳ ಊಟದ ಮನೆಗಳಲ್ಲಿ ತಟ್ಟೆ ಬಟ್ಟಲುಗಳನ್ನು ಇಟ್ಟುಕೊಂಡು ಹೋಗುವ ದೊಡ್ಡ ಟ್ರೇಗಳನ್ನು ತೆಗೆದುಹಾಕಿದಾಗ ತಲಾ ಆಹಾರ ವ್ಯರ್ಥವು ಶೇ. 25ರಿಂದ 30ರಷ್ಟು ಇಳಿಯಿತೆಂದು ಭೋಜನ ಸೇವಾ ಸಂಸ್ಥೆಯಾದ ಅರಾಮಾರ್ಕ್ 2008ರಲ್ಲಿ ವರದಿ ಮಾಡಿತು. ಯಾರಿಗೂ ಏನನ್ನೂ ಬೋಧಿಸಿರಲಿಲ್ಲ. ಕೈಯಲ್ಲಿ ಹಿಡಿಸುವಷ್ಟನ್ನೇ ಜನ ಬಡಿಸಿಕೊಂಡರು, ಬೇಕಾದವರು ಮತ್ತೊಮ್ಮೆ ಎದ್ದು ಬಂದರು.

ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಯೋಗ

ಈ ವಿಶ್ವವಿದ್ಯಾಲಯದ ವ್ಯಾಂಕೂವರ್ ಆವರಣವು ಪಾಯಿಂಟ್ ಗ್ರೇ ಭೂಶಿರದಲ್ಲಿ 400 ಹೆಕ್ಟೇರ್‌ಗೂ ಹೆಚ್ಚು ವಿಸ್ತಾರವಾಗಿ ಹರಡಿದೆ. 1996ರಲ್ಲಿ ಇಲ್ಲಿ ತೆರೆದ ಸಿ. ಕೆ. ಚೋಯ್ ಕಟ್ಟಡದ ನಿರ್ಮಾಣದಲ್ಲಿ ಕೆಡವಲಾದ ಹಳೆಯ ಕಟ್ಟಡಗಳ ತೊಲೆಗಳನ್ನೂ ಇಟ್ಟಿಗೆಗಳನ್ನೂ ಬಳಸಲಾಯಿತು. ಶೌಚವನ್ನು ಗೊಬ್ಬರವಾಗಿ ಪರಿವರ್ತಿಸುವ ವ್ಯವಸ್ಥೆಯಿದ್ದ ಕಾರಣ ಆ ಕಟ್ಟಡಕ್ಕೆ ಒಳಚರಂಡಿಯ ಸಂಪರ್ಕವನ್ನೇ ಪಡೆಯಲಿಲ್ಲ. 1997ರಲ್ಲಿ ಸುಸ್ಥಿರತೆಯ ನೀತಿಯೊಂದನ್ನು ಅಂಗೀಕರಿಸಿ, ಮರುವರ್ಷ ಅದಕ್ಕಾಗಿ ಪ್ರತ್ಯೇಕ ಕಚೇರಿಯನ್ನು ತೆರೆಯಲಾಯಿತು. ಕೆನಡಾದ ವಿಶ್ವವಿದ್ಯಾಲಯಗಳಲ್ಲಿ ಇಂತಹ ನೀತಿಯನ್ನು ಮೊದಲು ತಂದ ಹೆಗ್ಗಳಿಕೆ ಇದರದು.

ಕಚೇರಿಯ ಆರಂಭದ ಕಾರ್ಯಗಳಲ್ಲಿ ಮನವೊಲಿಕೆಗೆ ಪ್ರಾಧಾನ್ಯವಿತ್ತು. ಪ್ರತಿಯೊಂದು ವಿಭಾಗದಿಂದ ಒಬ್ಬ ಸ್ವಯಂಸೇವಕ ಸಿಬ್ಬಂದಿಯನ್ನು ಗುರುತಿಸಿ, ದೀಪ ಮತ್ತು ಗಣಕಯಂತ್ರಗಳನ್ನು ಆರಿಸುವುದು, ಕಾಗದದ ಎರಡೂ ಬದಿಗೆ ಮುದ್ರಿಸುವುದು, ಮೆಟ್ಟಿಲುಗಳನ್ನು ಬಳಸುವುದು ಮುಂತಾದ ಅಭ್ಯಾಸಗಳನ್ನು ಸಹೋದ್ಯೋಗಿಗಳಲ್ಲಿ ಬೆಳೆಸುವ ಹೊಣೆಯನ್ನು ಅವರಿಗೆ ಒಪ್ಪಿಸಲಾಯಿತು. ಮೇಲಧಿಕಾರಿಯ ಸುತ್ತೋಲೆಗಿಂತ ಪಕ್ಕದ ಮೇಜಿನವರ ಮಾತು ಹೆಚ್ಚು ನಾಟುತ್ತದೆ ಎಂಬುದು ಇದರ ಹಿಂದಿನ ತರ್ಕ. ವಿದ್ಯಾರ್ಥಿಗಳಿಗೆ ಆವರಣದ ನಿಜವಾದ ಸಮಸ್ಯೆಗಳನ್ನೇ ಅಧ್ಯಯನದ ವಿಷಯವಾಗಿ ಕೊಟ್ಟು, ಅಧ್ಯಾಪಕರ ಹಾಗೂ ನಿರ್ವಹಣಾ ಸಿಬ್ಬಂದಿಯ ಜೊತೆಗೂಡಿ ಪರಿಹಾರ ಹುಡುಕುವ ಸೀಡ್ಸ್ ಎಂಬ ಯೋಜನೆಯೂ ರೂಪುಗೊಂಡಿತು. ಆವರಣದ ದಕ್ಷಿಣಕ್ಕಿರುವ 24 ಹೆಕ್ಟೇರ್‌ಗಳ ಕೃಷಿಕ್ಷೇತ್ರವು ವಸತಿ ಬಡಾವಣೆಯ ಪಾಲಾಗದೆ ಉಳಿದಿರುವುದಕ್ಕೆ ಬಹುಮಟ್ಟಿಗೆ ವಿದ್ಯಾರ್ಥಿಗಳ ಪಟ್ಟೇ ಕಾರಣ.

ಅಂಕಿಗಳನ್ನು ದೊಡ್ಡ ಪ್ರಮಾಣದಲ್ಲಿ ಬದಲಿಸಿದ್ದು ಮಾತ್ರ ವ್ಯವಸ್ಥೆಯಲ್ಲಿ ತಂದ ಮಾರ್ಪಾಡುಗಳು. ವಿದ್ಯಾರ್ಥಿಗಳು ಮತದಾನದ ಮೂಲಕ ಒಪ್ಪಿದ ಬಸ್ ಪಾಸ್ ಯೋಜನೆ 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿತು. ಬಸ್ ಹತ್ತಲಿ ಬಿಡಲಿ, ಪ್ರತಿ ವಿದ್ಯಾರ್ಥಿಯೂ ಶುಲ್ಕದ ಜೊತೆಗೆ 2003ರಲ್ಲಿ ತಿಂಗಳಿಗೆ 20 ಡಾಲರ್ ತೆರಬೇಕಾಗಿತ್ತು. ತೆತ್ತವರು ಇಡೀ ನಗರದಲ್ಲಿ ಎಷ್ಟು ಬಾರಿಯಾದರೂ ಸಂಚರಿಸಬಹುದು. ಹಣ ಹೇಗೂ ಕೊಟ್ಟಾಗಿದೆ ಎಂಬ ಕಾರಣದಿಂದ ಕಾರನ್ನು ಮನೆಯಲ್ಲಿ ಬಿಟ್ಟವರು ಅನೇಕರು. ಒಂದೇ ವರ್ಷದಲ್ಲಿ ಆವರಣಕ್ಕೆ ಬಸ್ಸಿನಲ್ಲಿ ಬಂದುಹೋಗುವವರ ಸಂಖ್ಯೆ ಅರ್ಧದಷ್ಟು ಹೆಚ್ಚಿತು. ಬೆಳಗಿನ ಬಸ್ಸುಗಳು ಕಿಕ್ಕಿರಿದು ನಿಲ್ದಾಣದಲ್ಲಿ ನಿಲ್ಲದೆ ಹೋಗುವ ತೊಂದರೆಯೂ ಇದರೊಂದಿಗೆ ಬಂದಿತು. ನೂಕುನುಗ್ಗಲನ್ನು ಹಂಚುವ ಸಲುವಾಗಿ ತರಗತಿಗಳು ಆರಂಭವಾಗುವ ಹೊತ್ತನ್ನು ಬೇರೆ ಬೇರೆಯಾಗಿ ನಿಗದಿಪಡಿಸಲಾಗಿತ್ತು.

ಇಕೋಟ್ರೆಕ್ ಎಂಬ ಯೋಜನೆಯಲ್ಲಿ ಸುಮಾರು 300 ಕಟ್ಟಡಗಳ ದೀಪ, ಗಾಳಿ ಸಂಚಾರ ಹಾಗೂ ನೀರಿನ ವ್ಯವಸ್ಥೆಗಳನ್ನು ದುರಸ್ತಿಗೊಳಿಸಿ, ಉಳಿತಾಯವಾದ ಹಣದಿಂದಲೇ ಅದರ ವೆಚ್ಚವನ್ನು ತುಂಬಿಕೊಳ್ಳುವ ಏರ್ಪಾಟು ಮಾಡಲಾಯಿತು. ಹಸಿರುಮನೆ ಅನಿಲಗಳನ್ನು 2007ರ ಮಟ್ಟಕ್ಕೆ ಹೋಲಿಸಿದರೆ 2015ರ ಹೊತ್ತಿಗೆ ಶೇ. 33, 2020ಕ್ಕೆ ಶೇ. 67 ಹಾಗೂ 2050ಕ್ಕೆ ಶೇ. 100ರಷ್ಟು ತಗ್ಗಿಸುವ ಗುರಿಯನ್ನು 2010ರಲ್ಲಿ ಘೋಷಿಸಲಾಯಿತು. ಇದಕ್ಕಾಗಿ ಕೈಗೊಂಡ ಕೆಲಸಗಳಲ್ಲಿ ಅತಿ ದೊಡ್ಡದು 1920ರ ದಶಕದ ಉಗಿ ತಾಪನ ವ್ಯವಸ್ಥೆಯನ್ನು ತೆಗೆದು ಬಿಸಿನೀರಿನ ಕೊಳವೆಜಾಲವನ್ನು ಹಾಕಿದ್ದು. ಸುಮಾರು 8.8 ಕೋಟಿ ಡಾಲರ್ ವೆಚ್ಚದ ಈ ಕಾಮಗಾರಿ 2011ರಲ್ಲಿ ಆರಂಭವಾಗಿ ಹಲವು ವರ್ಷ ನಡೆಯಿತು. ಆವರಣದ ಹೊರಸೂಸುವಿಕೆಯಲ್ಲಿ ಶೇ. 22ರಷ್ಟು ಇಳಿಕೆ ಇದೊಂದರ ಕೊಡುಗೆಯೆಂದು ಅಂದಾಜಿಸಲಾಗಿದೆ. ಮರದ ಚೂರು ಮತ್ತು ಉಳಿಕೆಗಳನ್ನು ಇಂಧನವಾಗಿ ಬಳಸುವ ಸ್ಥಾವರವು 2012ರಲ್ಲಿ ಕಾರ್ಯಾರಂಭ ಮಾಡಿತು. ಇಷ್ಟಾದರೂ 2020ರ ಗುರಿಯನ್ನು ಮುಟ್ಟಲಾಗಲಿಲ್ಲ. 2021ರಲ್ಲಿ ಒಪ್ಪಿಗೆ ಪಡೆದ ಹೊಸ ಯೋಜನೆಯು 2030ರ ವೇಳೆಗೆ ಆವರಣದ ಹೊರಸೂಸುವಿಕೆಯಲ್ಲಿ ಶೇ. 85ರಷ್ಟು ಕಡಿತವನ್ನು ಗುರಿಯಾಗಿರಿಸಿಕೊಂಡಿದೆ.

ಲೆಕ್ಕದ ಹೊರಗುಳಿದ ಪ್ರಯಾಣ

ಮೇಲಿನ ಗುರಿಗಳು ಮುಖ್ಯವಾಗಿ ಕಟ್ಟಡಗಳಿಗೂ ವಿಶ್ವವಿದ್ಯಾಲಯದ ಸ್ವಂತ ವಾಹನಗಳಿಗೂ ಸಂಬಂಧಿಸಿದವು. ಅಧ್ಯಾಪಕರು ಸಮ್ಮೇಳನಗಳಿಗೆಂದು ಕೈಗೊಳ್ಳುವ ವಿಮಾನಯಾನ ಅವುಗಳಲ್ಲಿ ಸೇರಿರಲಿಲ್ಲ. ಇದೇ ವಿಶ್ವವಿದ್ಯಾಲಯದ ಸೇಥ್ ವೈನ್ಸ್ ಮತ್ತು ಸೈಮನ್ ಡೊನರ್ 2018ರಲ್ಲಿ ನಡೆಸಿದ ಅಧ್ಯಯನವು, ಕೆಲಸದ ನಿಮಿತ್ತದ ವಿಮಾನಯಾನದಿಂದ ಹೊರಬೀಳುವ ಅನಿಲವು ಇಡೀ ಆವರಣದ ನಿರ್ವಹಣೆಯಿಂದ ಹೊರಬೀಳುವುದರ ಶೇ. 63ರಿಂದ 73ರಷ್ಟಕ್ಕೆ ಸಮವೆಂದು ಅಂದಾಜಿಸಿತು. ಪ್ರಯಾಣದ ಬಹುಭಾಗ ಕೆಲವೇ ಜನರದಾಗಿತ್ತು. ಇವರ ತಂಡ ಮರುವರ್ಷ ಪ್ರಕಟಿಸಿದ ಮತ್ತೊಂದು ಅಧ್ಯಯನದಲ್ಲಿ, ಹೆಚ್ಚು ಹಾರಾಡುವವರ ಸಂಶೋಧನೆಗೆ ಹೆಚ್ಚಿನ ಮನ್ನಣೆ ದೊರೆತಿರುವುದಕ್ಕೆ ಆಧಾರ ಕಾಣಲಿಲ್ಲ. ಪರಿಸರ ಮತ್ತು ಸುಸ್ಥಿರತೆಯನ್ನು ಅಧ್ಯಯನ ಮಾಡುವ ವಿದ್ವಾಂಸರು ಇತರರಿಗಿಂತ ಕಡಿಮೆ ಹಾರುತ್ತಿದ್ದಾರೆಂಬುದಕ್ಕೂ ಆಧಾರ ಸಿಗಲಿಲ್ಲ. ವಿದ್ಯಾರ್ಥಿಗೆ ದೀಪ ಆರಿಸಲು ಹೇಳುವ ಸಂಸ್ಥೆಯ ನೈತಿಕ ಅಧಿಕಾರವನ್ನು ಪ್ರಶ್ನಿಸುವ ಫಲಿತಾಂಶ ಇದು. ಹೊಸ ಯೋಜನೆಯಲ್ಲಿ ವಿಮಾನಯಾನ, ದಿನನಿತ್ಯದ ಓಡಾಟ, ಆಹಾರ ಮತ್ತು ತ್ಯಾಜ್ಯಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು ಅವುಗಳಿಗೆ ಶೇ. 45ರಷ್ಟು ಕಡಿತದ ಪ್ರತ್ಯೇಕ ಗುರಿಯನ್ನು ಇರಿಸಲಾಗಿದೆ.

ಟೀಕೆಗಳು

ಹೆಜ್ಜೆಗುರುತಿನ ಮಾಪನವು ನೀರಿನ ಕೊರತೆ, ವಿಷವಸ್ತುಗಳು, ಜೀವವೈವಿಧ್ಯದ ನಾಶ ಮೊದಲಾದವನ್ನು ಸರಿಯಾಗಿ ಬಿಂಬಿಸುವುದಿಲ್ಲವೆಂಬ ಆಕ್ಷೇಪವಿದೆ. ಇಂಗಾಲವನ್ನು ಅರಣ್ಯದ ವಿಸ್ತೀರ್ಣವಾಗಿ ಪರಿವರ್ತಿಸುವ ಕ್ರಮದ ಬಗೆಗೂ ಅರ್ಥಶಾಸ್ತ್ರಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ಇನ್ನೊಂದು ಟೀಕೆ ಹೊಣೆಗಾರಿಕೆಗೆ ಸಂಬಂಧಿಸಿದುದು. ಇಂಗಾಲದ ಹೆಜ್ಜೆಗುರುತು ಎಂಬ ನುಡಿಯನ್ನು 2000ರ ದಶಕದಲ್ಲಿ ಜನಪ್ರಿಯಗೊಳಿಸಿದ ಜಾಹೀರಾತುಗಳು ತೈಲ ಸಂಸ್ಥೆಯಾದ ಬಿ.ಪಿ.ಯವು. ಹೊಣೆಯನ್ನು ಉತ್ಪಾದಕರಿಂದ ಬಳಕೆದಾರರ ಮೇಲೆ ಜಾರಿಸುವ ಉಪಾಯವಿದು ಎಂದು ಹಲವರು ವಾದಿಸಿದ್ದಾರೆ. ವಿಶ್ವವಿದ್ಯಾಲಯಗಳ ಹೂಡಿಕೆಯನ್ನು ತೈಲ ಮತ್ತು ಕಲ್ಲಿದ್ದಲು ಸಂಸ್ಥೆಗಳಿಂದ ಹಿಂತೆಗೆಯಬೇಕೆಂಬ ವಿದ್ಯಾರ್ಥಿ ಚಳವಳಿಗಳ ಹಿಂದೆಯೂ ಇದೇ ಬಗೆಯ ಅಸಮಾಧಾನವಿದೆ.

ಭಾರತದಲ್ಲಿ

ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1991ರ ನವೆಂಬರ್ 22ರಂದು ನೀಡಿದ ತೀರ್ಪು ಪರಿಸರ ಶಿಕ್ಷಣವನ್ನು ಕಡ್ಡಾಯ ವಿಷಯವಾಗಿಸುವ ಹಾದಿಯನ್ನು ತೆರೆಯಿತು. ಅದರ ಮುಂದುವರಿಕೆಯಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಎಲ್ಲ ಪದವಿ ತರಗತಿಗಳಿಗೂ ಆರು ತಿಂಗಳ ಪಠ್ಯವನ್ನು ಗೊತ್ತುಪಡಿಸಿತು. ಪರೀಕ್ಷೆಯಲ್ಲಿ ಉತ್ತೀರ್ಣರಾದರೆ ಸಾಕೆಂಬ ಮನೋಭಾವದಿಂದ ಅನೇಕ ಕಡೆ ಇದು ಪಠ್ಯಪುಸ್ತಕವನ್ನು ಮೀರಿ ಹೋಗಿಲ್ಲ. ಕಾಲೇಜುಗಳ ಗುಣಮಟ್ಟವನ್ನು ಅಳೆಯುವ ನ್ಯಾಕ್ ಸಂಸ್ಥೆಯು ತನ್ನ ಏಳನೆಯ ಮಾನದಂಡದಲ್ಲಿ ಹಸಿರು ಆವರಣದ ಅಂಶಗಳನ್ನು ಸೇರಿಸಿದ ನಂತರ ಹಸಿರು ಲೆಕ್ಕಪರಿಶೋಧನೆ, ಇಂಧನ ಲೆಕ್ಕಪರಿಶೋಧನೆಗಳು ವ್ಯಾಪಕವಾದವು. 2020ರಲ್ಲಿ ಆಯೋಗವು ಪರಿಸರಸ್ನೇಹಿ ಆವರಣಗಳಿಗಾಗಿ ಸತತ್ ಎಂಬ ಮಾರ್ಗಸೂಚಿಯನ್ನು ಹೊರತಂದಿತು.

ಭಾರತದ ವಿದ್ಯಾರ್ಥಿಯ ತಲಾ ಬಳಕೆ ಕೆನಡಾದವರಿಗಿಂತ ಬಹಳ ಕಡಿಮೆಯಿರುವುದರಿಂದ ಇಲ್ಲಿನ ಸಮಸ್ಯೆಯ ಸ್ವರೂಪ ಬೇರೆ. ಕಟ್ಟಡಗಳನ್ನು ಬಿಸಿ ಮಾಡುವ ಅಗತ್ಯ ಹೆಚ್ಚಿನ ಕಡೆ ಇಲ್ಲ. ನೀರು, ಕೊಳಚೆ ಮತ್ತು ವಿದ್ಯಾರ್ಥಿನಿಲಯಗಳ ಅಡುಗೆಮನೆಯ ತ್ಯಾಜ್ಯಗಳೇ ಮುಖ್ಯ ಪ್ರಶ್ನೆಗಳು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ಹೊಂದಿಕೊಂಡಿರುವ ಕುಕ್ಕರಹಳ್ಳಿ ಕೆರೆ ಇದಕ್ಕೆ ನಿದರ್ಶನ. 19ನೆಯ ಶತಮಾನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನಿರ್ಮಾಣವಾದ, ಕುವೆಂಪು ಅವರ ಸಂಜೆಯ ನಡಿಗೆಗಳಿಂದ ಹೆಸರಾದ ಈ ಕೆರೆ ವಿಶ್ವವಿದ್ಯಾಲಯದ ಸುಪರ್ದಿನಲ್ಲಿದೆ. ಆದರೆ ಅದಕ್ಕೆ ಹರಿದು ಬಂದ ಕೊಳಚೆ ಸುತ್ತಲಿನ ಬಡಾವಣೆಗಳದ್ದು. ಆವರಣದೊಳಗಿನವರು ಎಷ್ಟೇ ಎಚ್ಚರದಿಂದ ನಡೆದುಕೊಂಡರೂ ನಗರದ ಒಳಚರಂಡಿ ಸರಿಹೋಗದೆ ಆ ನೀರು ತಿಳಿಯಾಗದು.